ಎಲ್ಲರ ಬಳಿಯೂ ಆಧಾರ್ ಇದ್ದಮೇಲೆ ಅನುಮಾನ ಏಕೆ? ಕಾಫಿ ತೋಟದ ವಲಸೆ ಕಾರ್ಮಿಕರು ಮತ್ತು ಪೌರತ್ವದ ಕಾನೂನು

ಕಾಫಿ ಕುಯ್ಲು ಶುರುವಾಗುವ ಹೊತ್ತಿಗೆ ಮೂಡಿಗೆರೆ, ಆಲ್ದೂರು, ಬಾಳೆಹೊನ್ನೂರು, ಸಕಲೇಶಪುರ, ಬೇಲೂರು ಕಡೆಗಳಿಂದ ಒಂದೇ ಬಗೆಯ ಸುದ್ದಿ ಬರತೊಡಗುತ್ತದೆ. ತೋಟಗಳಿಗೆ ಬಂದಿರುವ ಅಸ್ಸಾಮಿನ ಕಾರ್ಮಿಕರ ನಡುವೆ ಬಾಂಗ್ಲಾದೇಶದವರು ಸೇರಿಕೊಂಡಿದ್ದಾರೆ ಎಂದು ಒಬ್ಬರು ದೂರುತ್ತಾರೆ. ದಾಖಲೆ ಪರಿಶೀಲಿಸಿ ಎಂದು ಜಿಲ್ಲಾಡಳಿತಕ್ಕೆ ಮನವಿ ಹೋಗುತ್ತದೆ. ಪರಿಶೀಲಿಸಿದರೆ ಎಲ್ಲರ ಬಳಿಯೂ ಆಧಾರ್ ಕಾರ್ಡ್ ಇತ್ತು ಎಂಬ ಉತ್ತರ ಬರುತ್ತದೆ. ಆಧಾರ್ ಪೌರತ್ವದ ಪುರಾವೆಯೇ ಅಲ್ಲವಲ್ಲ ಎಂಬ ಮಾತು ಅದರ ಹಿಂದೆಯೇ ಏಳುತ್ತದೆ. ಇದರ ಜೊತೆಗೆ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ, ಸಿಎಎ (ಪೌರತ್ವ ತಿದ್ದುಪಡಿ ಕಾಯ್ದೆ), ಎನ್‌ಆರ್‌ಸಿ (ರಾಷ್ಟ್ರೀಯ ಪೌರರ ನೋಂದಣಿ), 2025ರ ಹೊಸ ವಿದೇಶಿಯರ ಕಾಯ್ದೆ ಎಲ್ಲವೂ ಒಂದೇ ಉಸಿರಿನಲ್ಲಿ ಕಿವಿಗೆ ಬೀಳುವುದರಿಂದ, ಯಾವ ಕಾನೂನು ಯಾರಿಗೆ ಅನ್ವಯಿಸುತ್ತದೆ ಎಂಬುದು ಓದುಗರಿಗೆ ತಿಳಿಯದೇ ಹೋಗುವುದು ಸಹಜ. ಒಂದೊಂದನ್ನೇ ಬಿಡಿಸಿ ನೋಡಿದರೆ, ತೋಟದ ಬಾಗಿಲಲ್ಲಿ ನಡೆಯುವ ತಪಾಸಣೆಯಿಂದ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಆಧಾರ್ ಏನನ್ನು ಹೇಳುತ್ತದೆ

2016ರ ಆಧಾರ್ ಕಾಯ್ದೆಯ 9ನೇ ಸೆಕ್ಷನ್ ಈ ವಿಷಯದಲ್ಲಿ ಯಾವ ಸಂದಿಗ್ಧಕ್ಕೂ ಎಡೆಯಿಟ್ಟಿಲ್ಲ: ಆಧಾರ್ ಸಂಖ್ಯೆ ತಾನಾಗಿಯೇ ಪೌರತ್ವಕ್ಕಾಗಲಿ, ಕಾಯಂ ವಾಸಕ್ಕಾಗಲಿ ಪುರಾವೆಯಲ್ಲ. ಅರ್ಜಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಭಾರತದಲ್ಲಿ ವಾಸವಿದ್ದವರಿಗೆ ಕೊಡುವ ಗುರುತಿನ ಸಂಖ್ಯೆ ಅದು. ಕಾನೂನುಬದ್ಧವಾಗಿ ಇಲ್ಲಿ ನೆಲೆಸಿರುವ ವಿದೇಶಿಯರೂ ಅದನ್ನು ಪಡೆಯಬಹುದು. ಬಿಹಾರದ ಮತದಾರರ ಪಟ್ಟಿ ಪರಿಷ್ಕರಣೆಯ ವೇಳೆ, 2025ರ ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟ್ ಆಧಾರ್ ಅನ್ನು ಅದಾಗಲೇ ಒಪ್ಪಿದ್ದ ಹನ್ನೊಂದು ದಾಖಲೆಗಳ ಜೊತೆಗೆ ಹನ್ನೆರಡನೆಯದಾಗಿ ಸ್ವೀಕರಿಸುವಂತೆ ಚುನಾವಣಾ ಆಯೋಗಕ್ಕೆ ಸೂಚಿಸಿದಾಗಲೂ, ಅದು ಗುರುತಿಗೆ ಮಾತ್ರ, ಪೌರತ್ವಕ್ಕಲ್ಲ ಎಂದು ಬಿಡಿಸಿ ಹೇಳಿತು. ಅದಕ್ಕೂ ಹಿಂದಿನ ತಿಂಗಳು ಬಾಂಬೆ ಹೈಕೋರ್ಟ್, ಆಧಾರ್, ಪ್ಯಾನ್ ಅಥವಾ ಮತದಾರರ ಚೀಟಿ ಇದ್ದ ಮಾತ್ರಕ್ಕೆ ಯಾರೂ ಭಾರತದ ಪ್ರಜೆಯಾಗುವುದಿಲ್ಲ ಎಂದಿತ್ತು.

ಈ ಮಾತನ್ನು ಒಪ್ಪುವವರು ಅದರ ಇನ್ನೊಂದು ಮುಖವನ್ನೂ ಒಪ್ಪಬೇಕಾಗುತ್ತದೆ. ಕಾರ್ಮಿಕನ ಆಧಾರ್ ಅವನ ಪೌರತ್ವವನ್ನು ಸಾಬೀತು ಮಾಡದಿದ್ದರೆ, ತೋಟದ ಮಾಲೀಕರ ಆಧಾರ್ ಕೂಡ ಅವರ ಪೌರತ್ವವನ್ನು ಸಾಬೀತು ಮಾಡುವುದಿಲ್ಲ. ಹುಟ್ಟಿನಿಂದ ಪ್ರಜೆಗಳಾದ ಕೋಟ್ಯಂತರ ಭಾರತೀಯರಿಗೆ ಪೌರತ್ವ ಪತ್ರವೆಂಬ ಪ್ರತ್ಯೇಕ ದಾಖಲೆಯನ್ನು ಸರ್ಕಾರ ಕೊಟ್ಟೇ ಇಲ್ಲ. ನೋಂದಣಿಯ ಮೂಲಕ ಅಥವಾ ದೇಶೀಕರಣದ (ಇಲ್ಲಿ ದೀರ್ಘಕಾಲ ನೆಲೆಸಿದ ವಿದೇಶಿಗೆ ಪೌರತ್ವ ಕೊಡುವ ಕ್ರಮ) ಮೂಲಕ ಪ್ರಜೆಯಾದವರ ಬಳಿ ಮಾತ್ರ ಅಂಥ ಪ್ರಮಾಣಪತ್ರ ಇರುತ್ತದೆ. ರಾಷ್ಟ್ರೀಯ ಗುರುತಿನ ಚೀಟಿ ವಿತರಿಸಲು ಅವಕಾಶ ಮಾಡಿಕೊಟ್ಟ 2003ರ ತಿದ್ದುಪಡಿ ಜಾರಿಯಾಗಿ ಎರಡು ದಶಕ ಕಳೆದರೂ ಆ ಚೀಟಿ ದೇಶದ ಜನರ ಕೈಸೇರಿಲ್ಲ. ಆದ್ದರಿಂದ ಪೌರತ್ವದ ಪ್ರಶ್ನೆಗೆ ಉತ್ತರ ಒಂದು ಕಾರ್ಡಿನಲ್ಲಿ ಇರುವುದಿಲ್ಲ. ಒಬ್ಬ ವ್ಯಕ್ತಿ ಎಲ್ಲಿ, ಯಾವಾಗ, ಯಾರಿಗೆ ಹುಟ್ಟಿದ ಎಂಬ ಮೂರು ಸಂಗತಿಗಳನ್ನು ಕೂಡಿಸಿ ಅದನ್ನು ಕಂಡುಕೊಳ್ಳಬೇಕು.

ಹುಟ್ಟಿದ ದಿನಾಂಕದ ಲೆಕ್ಕ

1955ರ ಪೌರತ್ವ ಕಾಯ್ದೆಯ 3ನೇ ಸೆಕ್ಷನ್ ಕಾಲವನ್ನು ಮೂರು ಭಾಗ ಮಾಡುತ್ತದೆ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚಿನವರೆಗೆ ಭಾರತದಲ್ಲಿ ಹುಟ್ಟಿದವರು, ವಿದೇಶಿ ರಾಜತಾಂತ್ರಿಕರ ಮಕ್ಕಳಂಥ ಅಪವಾದ ಬಿಟ್ಟರೆ, ತಂದೆತಾಯಿ ಯಾರೇ ಆಗಿರಲಿ, ಹುಟ್ಟಿನಿಂದಲೇ ಭಾರತೀಯರು. ಅಲ್ಲಿಂದ 2004ರ ಡಿಸೆಂಬರ್ 3ಕ್ಕೆ ಮುಂಚೆ ಹುಟ್ಟಿದವರಾದರೆ, ಹುಟ್ಟುವಾಗ ತಂದೆ ಅಥವಾ ತಾಯಿಯಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. ಆ ನಂತರ ಹುಟ್ಟಿದವರಿಗೆ ಇಬ್ಬರೂ ಭಾರತೀಯರಾಗಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಸಂಸತ್ತು ಹಂತಹಂತವಾಗಿ ಬಾಗಿಲನ್ನು ಕಿರಿದು ಮಾಡಿದ್ದರ ಫಲ ಇದು.

ಮೊದಲನೆಯ ನಿಯಮದ ಶಕ್ತಿ ಎಷ್ಟೆಂಬುದಕ್ಕೆ ಕರ್ನಾಟಕದಲ್ಲೇ ನಿದರ್ಶನವಿದೆ. ಟಿಬೆಟಿನಿಂದ ಬಂದ ನಿರಾಶ್ರಿತರ ಮಕ್ಕಳು 1950 ಮತ್ತು 1987ರ ನಡುವೆ ಭಾರತದಲ್ಲಿ ಹುಟ್ಟಿದ್ದರೆ ಅವರು ಭಾರತದ ಪ್ರಜೆಗಳೇ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ತೀರ್ಪಿತ್ತಿದೆ.

ಇವತ್ತು ತೋಟಕ್ಕೆ ಬರುವ ಕಾರ್ಮಿಕರಲ್ಲಿ ಹೆಚ್ಚಿನವರು ಯುವಕರು. 2005ರಲ್ಲಿ ಅಸ್ಸಾಮಿನ ಬರ್ಪೇಟಾ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹುಟ್ಟಿದ ಹುಡುಗನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅವನ ಪೌರತ್ವ ನಿರ್ಧಾರವಾಗುವುದು ಅವನ ತಂದೆ ಮತ್ತು ತಾಯಿ ಇಬ್ಬರ ಸ್ಥಾನಮಾನದಿಂದ. ಅವರದ್ದು ನಿರ್ಧಾರವಾಗುವುದು ಅವರು ಹುಟ್ಟಿದ ಇಸವಿ ಮತ್ತು ಅವರ ತಂದೆತಾಯಿಗಳಿಂದ. ಅಂದರೆ ಕೇಳಬೇಕಾದ ಕಾಗದಗಳೆಲ್ಲ ಎರಡು ಸಾವಿರ ಕಿಲೋಮೀಟರ್‌ಗೂ ಆಚೆ, ಒಂದೆರಡು ತಲೆಮಾರಿನ ಹಿಂದೆ ಇವೆ. ಸಂತೆಬೀದಿಯಲ್ಲಿ ಅವನನ್ನು ತಡೆದು ಜೇಬಿನಲ್ಲಿರುವ ಕಾರ್ಡನ್ನು ಎಷ್ಟು ಸಲ ತಿರುವಿ ನೋಡಿದರೂ ಅದರಿಂದ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಅಸ್ಸಾಮಿನ ಪ್ರತ್ಯೇಕ ಗಡುವು

ಅಸ್ಸಾಮಿನ ಮಟ್ಟಿಗೆ ಇದರ ಮೇಲೆ ಇನ್ನೊಂದು ಪದರವಿದೆ. 1979ರಿಂದ ಆರು ವರ್ಷ ನಡೆದ ಚಳವಳಿಯ ಕೊನೆಗೆ, 1985ರ ಆಗಸ್ಟ್ 15ರಂದು ಅಸ್ಸಾಂ ಒಪ್ಪಂದವಾಯಿತು. ಅದನ್ನು ಕಾನೂನಾಗಿಸಲು ಪೌರತ್ವ ಕಾಯ್ದೆಗೆ 6ಎ ಸೆಕ್ಷನ್ ಸೇರಿತು. ಇಂದಿನ ಬಾಂಗ್ಲಾದೇಶದ ಪ್ರದೇಶದಿಂದ 1966ರ ಜನವರಿ 1ಕ್ಕೆ ಮುಂಚೆ ಬಂದು ಅಸ್ಸಾಮಿನಲ್ಲಿ ನೆಲೆಸಿದವರು ಭಾರತೀಯರು. ಅಲ್ಲಿಂದ 1971ರ ಮಾರ್ಚ್ 24ರವರೆಗೆ ಬಂದವರು ನೋಂದಾಯಿಸಿಕೊಂಡು, ಹತ್ತು ವರ್ಷ ಮತದಾನದ ಹಕ್ಕಿಲ್ಲದೆ ಇದ್ದು, ಆಮೇಲೆ ಪೂರ್ಣ ಪ್ರಜೆಗಳಾಗುತ್ತಾರೆ. ಮಾರ್ಚ್ 25ರಿಂದ ಈಚೆಗೆ ಬಂದವರು ವಿದೇಶಿಯರು. ಪಾಕಿಸ್ತಾನದ ಸೈನ್ಯ ಢಾಕಾದಲ್ಲಿ ಹತ್ಯಾಕಾಂಡ ಆರಂಭಿಸಿದ ದಿನವದು. 2024ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 4:1 ಬಹುಮತದಿಂದ ಈ ಸೆಕ್ಷನ್ನನ್ನು ಎತ್ತಿಹಿಡಿಯಿತು.

ಈ ಗಡುವನ್ನು ಆಧಾರವಾಗಿಟ್ಟುಕೊಂಡು ಎನ್‌ಆರ್‌ಸಿ, ಅಂದರೆ ರಾಷ್ಟ್ರೀಯ ಪೌರರ ನೋಂದಣಿ, ಸುಪ್ರೀಂ ಕೋರ್ಟಿನ ಮೇಲ್ವಿಚಾರಣೆಯಲ್ಲಿ ನಡೆಯಿತು. ಸುಮಾರು 3.30 ಕೋಟಿ ಜನ ಅರ್ಜಿ ಹಾಕಿದರು. 2019ರ ಆಗಸ್ಟ್ 31ರಂದು ಪ್ರಕಟವಾದ ಪಟ್ಟಿಯಲ್ಲಿ ಸುಮಾರು 3.11 ಕೋಟಿ ಜನರ ಹೆಸರಿದ್ದು, 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಹೊರಗುಳಿದವರೆಲ್ಲ ನುಸುಳಿ ಬಂದವರು ಎಂದು ತಿಳಿಯುವುದು ತಪ್ಪು. 1951ರ ನೋಂದಣಿಯಲ್ಲಿ ಅಥವಾ 1971ರ ಮಾರ್ಚ್ 24ರವರೆಗಿನ ಮತದಾರರ ಪಟ್ಟಿಯಲ್ಲಿ ಅಜ್ಜನ ಹೆಸರು ಸಿಕ್ಕರೆ ಸಾಲದು, ಆ ಅಜ್ಜನೇ ತನ್ನ ಅಜ್ಜ ಎಂಬುದನ್ನೂ ತೋರಿಸಬೇಕಿತ್ತು. ಶಾಲೆಯ ಮೆಟ್ಟಿಲು ಹತ್ತದೆ ಮದುವೆಯಾಗಿ ಬೇರೆ ಊರು ಸೇರಿದ ಹೆಣ್ಣುಮಕ್ಕಳಿಗೆ ತವರಿನ ನಂಟನ್ನು ತೋರಿಸಲು ಗ್ರಾಮ ಪಂಚಾಯತಿ ಕಾರ್ಯದರ್ಶಿಯ ಪತ್ರವೊಂದೇ ಗತಿಯಾಗಿತ್ತು, ಮತ್ತು ಆ ಪತ್ರ ಸ್ವೀಕಾರಾರ್ಹವೇ ಎಂಬುದೇ ಸುಪ್ರೀಂ ಕೋರ್ಟಿನವರೆಗೆ ಹೋದ ವ್ಯಾಜ್ಯವಾಯಿತು.

ಇದರ ಜೊತೆಗೆ ಬ್ರಹ್ಮಪುತ್ರದ ಕೊರೆತವಿದೆ. 1950ರಿಂದೀಚೆಗೆ 4.27 ಲಕ್ಷ ಹೆಕ್ಟೇರ್ ಭೂಮಿ ನದಿಪಾಲಾಗಿದೆ ಎಂಬುದು ಅಸ್ಸಾಂ ಸರ್ಕಾರದ್ದೇ ಲೆಕ್ಕ. ದಡ ಕುಸಿದಾಗ ಜಮೀನು, ಮನೆ, ಶಾಲೆಗಳ ಜೊತೆ ಪೆಟ್ಟಿಗೆಯಲ್ಲಿಟ್ಟಿದ್ದ ಕಾಗದಗಳೂ ಹೋಗುತ್ತವೆ. ಅದೇ ಕುಸಿತ ಜನರನ್ನು ಕೂಲಿಗಾಗಿ ದೂರದ ರಾಜ್ಯಗಳಿಗೂ ಅಟ್ಟುತ್ತದೆ. ಹೀಗಾಗಿ ದಾಖಲೆ ಕಳೆದುಕೊಳ್ಳುವ ಸಾಧ್ಯತೆ ಹೆಚ್ಚಿರುವ ಜನ ಮತ್ತು ಮಲೆನಾಡಿನ ತೋಟಗಳವರೆಗೆ ದುಡಿಮೆ ಹುಡುಕಿ ಬರುವ ಜನ ಬಹುಮಟ್ಟಿಗೆ ಒಂದೇ ವರ್ಗಕ್ಕೆ ಸೇರಿದವರು. ಕಾಗದ ಸರಿಯಿಲ್ಲ ಎಂಬುದರಿಂದಲೇ ವಿದೇಶಿಯೆಂಬ ತೀರ್ಮಾನಕ್ಕೆ ಬರುವವರು ಈ ಕಾರಣವನ್ನು ಗಮನಿಸದೆ ಬಿಡುತ್ತಾರೆ.

ಆತಂಕದ ಬುಡದಲ್ಲಿ ಏನಿದೆ

ಹಾಗೆಂದು ಆತಂಕಪಡುವವರ ಮಾತನ್ನು ಬದಿಗೆ ಸರಿಸುವುದೂ ಸರಿಯಲ್ಲ. ಭಾರತ–ಬಾಂಗ್ಲಾದೇಶ ಗಡಿ ಸುಮಾರು 4,096 ಕಿ.ಮೀ. ಉದ್ದವಿದೆ, ನದಿ, ಜೌಗು, ಭೂಸ್ವಾಧೀನದ ತೊಡಕುಗಳಿಂದಾಗಿ ಬೇಲಿ ಎಲ್ಲೆಡೆ ಪೂರ್ಣಗೊಂಡಿಲ್ಲ. ಹಣ ಪಡೆದು ಗಡಿ ದಾಟಿಸುವ, ಸುಳ್ಳು ಜನನ ಪತ್ರ ಮಾಡಿಸಿ ಅದರ ಮೇಲೆ ಆಧಾರ್ ಕೊಡಿಸುವ ದಲ್ಲಾಳಿಗಳ ಜಾಲಗಳು ದೇಶದ ಹಲವೆಡೆ ಪೊಲೀಸರ ಕೈಗೆ ಸಿಕ್ಕಿವೆ. ಅಂಥವರು ಕಾಫಿ ಸೀಮೆಗೂ ಬಂದಿರಬಹುದೇ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಸ್ಥಳೀಯ ಕೂಲಿಕಾರರಿಗೆ ಇನ್ನೊಂದು ಅಳಲಿದೆ: ಯಾವ ದಾಖಲೆಯೂ ಇಲ್ಲದ ಆಳು ಸಿಕ್ಕರೆ ಕಡಿಮೆ ಕೂಲಿಗೆ ದುಡಿಸಿಕೊಳ್ಳುತ್ತಾರೆ, ಆಗ ನಮ್ಮ ಕೂಲಿಯೂ ಏರುವುದಿಲ್ಲ ಎಂಬುದು. ಈ ಅಳಲಿನಲ್ಲಿ ಹುರುಳಿದೆ.

ತೊಂದರೆಯಿರುವುದು ಸಂಖ್ಯೆಗಳಲ್ಲಿ. 2004ರ ಜುಲೈನಲ್ಲಿ ಅಂದಿನ ಕೇಂದ್ರ ಗೃಹ ಖಾತೆ ರಾಜ್ಯ ಸಚಿವ ಶ್ರೀಪ್ರಕಾಶ್ ಜೈಸ್ವಾಲ್ ದೇಶದಲ್ಲಿ 1.20 ಕೋಟಿ ಅಕ್ರಮ ಬಾಂಗ್ಲಾದೇಶಿಗಳಿದ್ದಾರೆ ಎಂದು ಸಂಸತ್ತಿಗೆ ತಿಳಿಸಿ, ಕೆಲವೇ ದಿನಗಳಲ್ಲಿ ಆ ಅಂಕಿ ನೆಚ್ಚುವಂಥದ್ದಲ್ಲ ಎಂದರು. 2016ರ ನವೆಂಬರ್‌ನಲ್ಲಿ ಕಿರಣ್ ರಿಜಿಜು ರಾಜ್ಯಸಭೆಯಲ್ಲಿ ಹೇಳಿದ ಸಂಖ್ಯೆ 2 ಕೋಟಿ. ಕದ್ದು ಬರುವವರ ನಿಖರ ಲೆಕ್ಕ ಸಿಗುವುದಿಲ್ಲ ಎಂದು ಸರ್ಕಾರವೇ ಹಲವು ಬಾರಿ ಒಪ್ಪಿಕೊಂಡಿದೆ. ದೇಶಮಟ್ಟದಲ್ಲೇ ಇಷ್ಟು ಅನಿಶ್ಚಿತವಾಗಿರುವ ಲೆಕ್ಕವನ್ನು ಒಂದು ತಾಲ್ಲೂಕಿಗೆ ಇಳಿಸಿ ‘ಇಷ್ಟು ಸಾವಿರ ಜನ ಇದ್ದಾರೆ’ ಎನ್ನುವುದಕ್ಕೆ ಯಾವ ಬುನಾದಿಯೂ ಇಲ್ಲ.

ಭಾಷೆಯಿಂದ ಗುರುತಿಸುತ್ತೇವೆ ಎಂಬ ಮಾತಂತೂ ನಿಲ್ಲುವುದೇ ಇಲ್ಲ. ಬಂಗಾಳಿ ಪಶ್ಚಿಮ ಬಂಗಾಳದ ರಾಜ್ಯಭಾಷೆ, ಅಸ್ಸಾಮಿನ ಬರಾಕ್ ಕಣಿವೆಯ ಜಿಲ್ಲೆಗಳ ಅಧಿಕೃತ ಭಾಷೆ. ನಮ್ಮಲ್ಲಿ ಅಸ್ಸಾಮಿನವರು ಎಂದು ಒಟ್ಟಾಗಿ ಕರೆಯುವ ಗುಂಪಿನೊಳಗೆ ಬೋಡೊಗಳು, ಚಹಾ ತೋಟದ ಆದಿವಾಸಿಗಳು, ನೇಪಾಳಿ ಮಾತಾಡುವವರು, ಬಂಗಾಳಿ ಮೂಲದ ಮುಸ್ಲಿಮರು, ಬಂಗಾಳಿ ಹಿಂದೂಗಳು ಎಲ್ಲರೂ ಇರಬಹುದು.

ಸಾಬೀತು ಮಾಡಬೇಕಾದವರು ಯಾರು

ಸಾಮಾನ್ಯ ಅಪರಾಧದಲ್ಲಿ ಆರೋಪ ಮಾಡಿದವರು ಅದನ್ನು ಸಾಬೀತು ಮಾಡಬೇಕು. ವಿದೇಶಿಯರ ಕಾನೂನಿನಲ್ಲಿ ಇದು ತಲೆಕೆಳಗು. 1946ರ ವಿದೇಶಿಯರ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ತಾನು ವಿದೇಶಿಯಲ್ಲ ಎಂದು ತೋರಿಸುವ ಹೊಣೆ ಆ ವ್ಯಕ್ತಿಯದ್ದೇ. ಅಸ್ಸಾಮಿಗೆ ಅನ್ವಯಿಸಿದ್ದ 1983ರ ಐಎಂಡಿಟಿ (ನ್ಯಾಯಮಂಡಳಿಗಳ ಮೂಲಕ ಅಕ್ರಮ ವಲಸಿಗರನ್ನು ನಿರ್ಧರಿಸುವ) ಕಾಯ್ದೆ ಈ ಹೊಣೆಯನ್ನು ದೂರುದಾರರ ಕಡೆಗೆ ತಿರುಗಿಸಿತ್ತು; 2005ರಲ್ಲಿ ಸರ್ಬಾನಂದ ಸೋನೋವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. 2025ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆ 1946ರ ಕಾಯ್ದೆಯೂ ಸೇರಿ ನಾಲ್ಕು ಹಳೆಯ ಕಾನೂನುಗಳ ಜಾಗಕ್ಕೆ ಬಂದರೂ ಹೊಣೆಯ ನಿಯಮ ಹಾಗೆಯೇ ಉಳಿದಿದೆ. ಸರಿಯಾದ ಪಾಸ್‌ಪೋರ್ಟ್, ವೀಸಾ ಇಲ್ಲದೆ ದೇಶದೊಳಗೆ ಬಂದ ವಿದೇಶಿಗೆ ಐದು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಹೊಣೆ ಆ ವ್ಯಕ್ತಿಯ ಮೇಲಿದೆ ಎಂದಮಾತ್ರಕ್ಕೆ ಯಾರನ್ನು ಬೇಕಾದರೂ ಹಿಡಿದು ಕೇಳಬಹುದೇ? ಇಲ್ಲ ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಸ್ಸಾಮಿನ ವ್ಯಕ್ತಿಯೊಬ್ಬರನ್ನು, ಯಾರು ವಿದೇಶಿ ಎಂದು ತೀರ್ಮಾನಿಸುವ ವಿದೇಶಿಯರ ನ್ಯಾಯಮಂಡಳಿ, ವಿದೇಶಿಯೆಂದು ಘೋಷಿಸಿತ್ತು. ಸುಪ್ರೀಂ ಕೋರ್ಟ್ ಅವರ ಪೌರತ್ವವನ್ನು ಎತ್ತಿಹಿಡಿಯುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಅನುಮಾನಕ್ಕೆ ಪೂರಕವಾದ ಯಾವುದಾದರೂ ಸಾಮಗ್ರಿ ಅಧಿಕಾರಿಗಳ ಕೈಯಲ್ಲಿ ಮೊದಲು ಇರಬೇಕು, ಯಾರನ್ನೋ ಆರಿಸಿಕೊಂಡು ಪೌರತ್ವ ಸಾಬೀತು ಮಾಡು ಎನ್ನಲಾಗದು, ಹೆಸರಿನ ಕಾಗುಣಿತದ ಸಣ್ಣ ವ್ಯತ್ಯಾಸವನ್ನು ಹಿಡಿದು ದಾಖಲೆಗಳನ್ನು ತಳ್ಳಿಹಾಕಲಾಗದು ಎಂಬುದು ಆ ತೀರ್ಪಿನ ಸಾರ. ಪೊಲೀಸರಿಗೇ ಈ ಮಿತಿ ಇರುವಾಗ, ತೋಟದ ಕಾರ್ಮಿಕರು ವಾಸವಿರುವ ಲೈನ್ ಮನೆಗಳಿಗೆ ಗುಂಪಾಗಿ ಹೋಗಿ ಕಾರ್ಡ್ ಕೇಳುವ ಖಾಸಗಿ ವ್ಯಕ್ತಿಗಳಿಗೆ ಕಾನೂನಿನಲ್ಲಿ ಯಾವ ಅಧಿಕಾರವೂ ಇಲ್ಲ. ದಾರಿಯಲ್ಲಿ ಅಡ್ಡಗಟ್ಟಿ ನಿಲ್ಲಿಸಿದರೆ ಭಾರತೀಯ ನ್ಯಾಯ ಸಂಹಿತೆಯಡಿ ಅದೇ ಅಪರಾಧವಾಗುತ್ತದೆ.

ಆತುರ ಪಟ್ಟರೆ ಏನಾಗುತ್ತದೆ ಎಂಬುದಕ್ಕೆ 2025ರ ಒಂದು ಪ್ರಕರಣ ಸಾಕು. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯಿಂದ ದೆಹಲಿಗೆ ದುಡಿಯಲು ಹೋಗಿದ್ದ ಗರ್ಭಿಣಿಯೊಬ್ಬರನ್ನು ಕುಟುಂಬದೊಡನೆ ಹಿಡಿದು ಜೂನ್‌ನಲ್ಲಿ ಬಾಂಗ್ಲಾದೇಶಕ್ಕೆ ದಾಟಿಸಲಾಯಿತು. ಸೆಪ್ಟೆಂಬರ್‌ನಲ್ಲಿ ಕಲ್ಕತ್ತ ಹೈಕೋರ್ಟ್ ವಾಪಸು ಕರೆತರುವಂತೆ ಆದೇಶಿಸಿತು. ಸುಪ್ರೀಂ ಕೋರ್ಟಿನ ಮುಂದೆಯೂ ವಿಷಯ ಹೋಗಿ, ಆಕೆ ಮಗನೊಂದಿಗೆ ಡಿಸೆಂಬರ್‌ನಲ್ಲಿ ಮರಳಿದರು. ಊರಿನ ಪೊಲೀಸರಿಂದ ವರದಿ ತರಿಸಿಕೊಳ್ಳುವ ಕೆಲಸವನ್ನು ಮೊದಲೇ ನೆಟ್ಟಗೆ ಮಾಡಿದ್ದರೆ ಆಕೆ ಐದು ತಿಂಗಳಿಗೂ ಹೆಚ್ಚು ಕಾಲ ಪರದೇಶದಲ್ಲಿ, ಅದರಲ್ಲೂ ಬಹುಕಾಲ ಜೈಲಿನಲ್ಲಿ, ಕಳೆಯಬೇಕಾಗುತ್ತಿರಲಿಲ್ಲ.

ಧರ್ಮದ ಪ್ರಶ್ನೆ

2019ರ ಪೌರತ್ವ ತಿದ್ದುಪಡಿ ಕಾಯ್ದೆ ಅಫ್ಘಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರನ್ನು ಅಕ್ರಮ ವಲಸಿಗರೆಂದು ಎಣಿಸುವುದಿಲ್ಲ. ನಿಯಮಗಳು 2024ರ ಮಾರ್ಚ್ 11ರಂದು ಹೊರಬಂದವು. ರಾಯಚೂರು ಜಿಲ್ಲೆಯ ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿರುವ ಬಂಗಾಳಿ ಕುಟುಂಬಗಳಂಥವರಿಗೆ ಇದು ನೇರವಾಗಿ ಸಂಬಂಧಿಸಿದ್ದು. ಕಿರುಕುಳ ತಾಳಲಾರದೆ ಓಡಿಬಂದವರಿಗೆ ಆಶ್ರಯ ಎಂಬುದು ಸರ್ಕಾರದ ವಾದ. ಧರ್ಮದ ಆಧಾರದ ಮೇಲೆ ಭೇದ ಮಾಡುವುದು ಸಂವಿಧಾನದ 14ನೇ ವಿಧಿಗೆ ವಿರುದ್ಧ ಎಂಬ ವಾದದೊಂದಿಗೆ 200ಕ್ಕೂ ಹೆಚ್ಚು ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ. ಅಸ್ಸಾಮಿನ ಬಹಳ ಜನ ಇದನ್ನು ವಿರೋಧಿಸಿದ್ದು ಬೇರೆಯದೇ ಕಾರಣಕ್ಕೆ: 1971ರ ಗಡುವನ್ನು ಇದು 2014ಕ್ಕೆ ತಂದಿತೆಂಬ ಸಿಟ್ಟಿಗೆ. ಕಾಫಿ ತೋಟದ ತಪಾಸಣೆಯ ಮಟ್ಟಿಗೆ ಇಷ್ಟು ತಿಳಿದರೆ ಸಾಕು: ಈ ಕಾಯ್ದೆ ಕೆಲವರಿಗೆ ಪೌರತ್ವದ ದಾರಿ ತೆರೆಯುತ್ತದೆಯೇ ಹೊರತು ಈಗಾಗಲೇ ಪ್ರಜೆಗಳಾಗಿರುವ ಯಾರ ಪೌರತ್ವವನ್ನೂ ತಾನಾಗಿ ಕಿತ್ತುಕೊಳ್ಳುವುದಿಲ್ಲ.

ತೋಟದ ಹಾಜರಿ ಪುಸ್ತಕ

ಈ ಇಡೀ ವಿವಾದದಲ್ಲಿ ಯಾರೂ ಹೆಚ್ಚು ಮಾತಾಡದ ಒಂದು ಸಂಗತಿಯೇ ನಿಜವಾದ ಕೀಲಿ ಎಂಬುದು ಈ ಲೇಖನದ ವಾದ. ಮಲೆನಾಡಿನ ತೋಟದ ಕೆಲಸಕ್ಕೆ ಹಿಂದೆ ತಮಿಳುನಾಡಿನಿಂದಲೂ ಬಯಲುಸೀಮೆಯಿಂದಲೂ ಜನ ಬರುತ್ತಿದ್ದರು. ಅವರ ಮಕ್ಕಳು ಓದಿ, ಪಟ್ಟಣದ ಕೆಲಸ ಹಿಡಿದ ಮೇಲೆ ಆ ಜಾಗವನ್ನು ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡಿನವರು ತುಂಬಿದರು. ಅರೇಬಿಕಾ ಹಣ್ಣಾಗುವುದು ನವೆಂಬರ್‌ನಿಂದ, ರೋಬಸ್ಟಾ ಜನವರಿಯ ನಂತರ. ಹಣ್ಣಾದ ಕಾಫಿ ಗಿಡದಲ್ಲಿ ಕಾಯುತ್ತ ಕೂರುವುದಿಲ್ಲ; ಕುಯ್ಯಲು ತಡವಾದರೆ ಉದುರುತ್ತದೆ, ಅಕಾಲದ ಮಳೆ ಬಿದ್ದರೆ ಒಡೆಯುತ್ತದೆ, ಕೊಳೆಯುತ್ತದೆ. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳನ್ನೊಳಗೊಂಡ ಕರ್ನಾಟಕದ್ದು, ಮತ್ತು ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು. ಮೂರು ವಾರದ ಕುಯ್ಲಿಗೆ ಹದಿನೈದು ಆಳು ಬೇಕಾದಾಗ ಅವರು ಆಳುಗಳನ್ನು ಒದಗಿಸುವ ಮೇಸ್ತ್ರಿಗೆ ಫೋನ್ ಮಾಡುತ್ತಾರೆ. ಜೀಪಿನಲ್ಲೋ ಪಿಕಪ್‌ನಲ್ಲೋ ಜನ ಬಂದು ಇಳಿಯುತ್ತಾರೆ.

ದೊಡ್ಡ ಎಸ್ಟೇಟಿನಲ್ಲಾದರೆ ರೈಟರ್ ಹಾಜರಿ ಪುಸ್ತಕದಲ್ಲಿ ಹೆಸರು ಬರೆದುಕೊಳ್ಳುತ್ತಾರೆ, ಆಧಾರ್‌ನ ಜೆರಾಕ್ಸ್ ಇಟ್ಟುಕೊಳ್ಳುತ್ತಾರೆ. ಮೇಸ್ತ್ರಿ ಹೇಳಿದ ಹೆಸರು ಒಂದು, ಕಾರ್ಡಿನಲ್ಲಿರುವುದು ಇನ್ನೊಂದು, ರೈಟರ್ ಕನ್ನಡದಲ್ಲಿ ಬರೆದದ್ದು ಮತ್ತೊಂದು ಆಗಿರುವುದು ಅಪರೂಪವಲ್ಲ. ಸಣ್ಣ ತೋಟದಲ್ಲಿ ಅಷ್ಟೂ ಇರುವುದಿಲ್ಲ. ಬಟವಾಡೆಯ ದಿನ ಹಣವನ್ನು ಒಟ್ಟಾಗಿ ಮೇಸ್ತ್ರಿಯ ಕೈಗೆ ಕೊಟ್ಟರೆ ಮುಗಿಯಿತು. ಯಾರು ಬಂದರು, ಯಾವ ಊರಿನಿಂದ ಬಂದರು, ಎಲ್ಲಿಗೆ ಹೋದರು ಎಂಬುದು ಕುಯ್ಲು ಮುಗಿದ ಮೇಲೆ ಯಾರಿಗೂ ಗೊತ್ತಿರುವುದಿಲ್ಲ.

ಇದಕ್ಕೆ ಕಾನೂನಿನ ಕೊರತೆ ಕಾರಣವಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಗುತ್ತಿಗೆದಾರರಿಗೆ ಪರವಾನಗಿಯನ್ನೂ, ಪ್ರತಿ ಕಾರ್ಮಿಕನಿಗೆ ಭಾವಚಿತ್ರವಿರುವ ಪಾಸ್‌ಬುಕ್ಕನ್ನೂ ಕಡ್ಡಾಯ ಮಾಡಿತ್ತು. ಬಹುತೇಕ ಕಡೆ ಅದು ಜಾರಿಯಾಗಲೇ ಇಲ್ಲ. ಈಗ ಆ ಕಾಯ್ದೆಯ ಜಾಗದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಇದೆ. ವಲಸೆ ಕಾರ್ಮಿಕರ ವಿವರಗಳನ್ನು ಸರ್ಕಾರ ಪೋರ್ಟಲ್‌ನಲ್ಲಿ ಇಡಬೇಕೆಂದು ಅದು ಹೇಳುತ್ತದೆ. ಆದರೆ ಹತ್ತಕ್ಕಿಂತ ಕಡಿಮೆ ವಲಸೆ ಕಾರ್ಮಿಕರಿರುವ ಕಡೆ ಅದರ ವಲಸೆ ಅಧ್ಯಾಯ ಅನ್ವಯಿಸುವುದಿಲ್ಲ. ಹಿಂದಿನ ಕಾಯ್ದೆಯಲ್ಲಿ ಈ ಮಿತಿ ಐದಿತ್ತು. ಸಣ್ಣ ತೋಟಗಳೇ ಹೆಚ್ಚಿರುವ ನಮ್ಮ ಜಿಲ್ಲೆಗಳಲ್ಲಿ ಈ ಬದಲಾವಣೆಯಿಂದ ಎಷ್ಟೋ ಕಾರ್ಮಿಕರು ಲೆಕ್ಕದಿಂದ ಹೊರಗೆ ಉಳಿಯುತ್ತಾರೆ.

ಕೂಲಿ, ಅಪಘಾತ ಪರಿಹಾರ, ಪಡಿತರ ಸಿಗಲೆಂದು ಕಾರ್ಮಿಕರ ಪಟ್ಟಿ ಇರಲಿ ಎಂದು ಒಂದು ಪಕ್ಷ ಕೇಳುತ್ತದೆ. ಯಾರು ಬರುತ್ತಿದ್ದಾರೆಂದು ತಿಳಿಯಲು ಪಟ್ಟಿ ಇರಲಿ ಎಂದು ಇನ್ನೊಂದು ಪಕ್ಷ ಕೇಳುತ್ತದೆ. ಇಬ್ಬರೂ ಕೇಳುತ್ತಿರುವುದು ಒಂದೇ ಪುಸ್ತಕವನ್ನು. ಅದು ಇಲ್ಲದಿರುವುದರಿಂದ ಲಾಭವಾಗುವುದು ಕೂಲಿಯಲ್ಲಿ ಪಾಲು ಹೊಡೆಯುವ ಮೇಸ್ತ್ರಿಗೆ ಮತ್ತು ಸುಳ್ಳು ಕಾಗದ ಮಾರುವ ದಲ್ಲಾಳಿಗೆ. ಪೌರತ್ವದ ಬಗ್ಗೆ ನಿಜವಾದ ಕಾಳಜಿ ಇರುವವರು ಲೈನ್ ಮನೆಯ ಬಾಗಿಲು ಬಡಿಯುವ ಬದಲು ಕಾರ್ಮಿಕ ಇಲಾಖೆಯ ಮೇಲೆ ಒತ್ತಡ ತರಬೇಕು.

ಮುಂದಿನ ದಾರಿಗಳು

ಈಗಿನಂತೆಯೇ ಬಿಡಿಬಿಡಿ ತಪಾಸಣೆ, ಬೆದರಿಕೆ ಮುಂದುವರಿದರೆ ಮೊದಲು ಊರು ಬಿಡುವವರು ದಾಖಲೆ ಸರಿಯಿರುವ ಕಾರ್ಮಿಕರು. ಅವರಿಗೆ ಕೇರಳ, ತಮಿಳುನಾಡಿನಲ್ಲೂ ಕೆಲಸ ಸಿಗುತ್ತದೆ. ಸುಳ್ಳು ಕಾಗದ ಇಟ್ಟುಕೊಂಡವನು ಬಯಲಿಗೆ ಬರದ, ಯಾವ ಪ್ರಶ್ನೆಯನ್ನೂ ಕೇಳದ ಮೇಸ್ತ್ರಿಯ ಆಸರೆಯಲ್ಲೇ ಉಳಿಯುತ್ತಾನೆ. ಬೆಳೆಗಾರರಿಗೆ ಆಳಿನ ಅಭಾವ, ಪೊಲೀಸರಿಗೆ ಹುಡುಕಾಟ ಎರಡೂ ಹೆಚ್ಚುತ್ತವೆ.

ಜಿಲ್ಲಾಡಳಿತ ಕುಯ್ಲಿಗೆ ಮುಂಚೆಯೇ ಹತ್ತರ ಮಿತಿಯನ್ನು ನೋಡದೆ ಎಲ್ಲ ತೋಟಗಳಿಂದ ಹೆಸರು, ಊರು, ಪೊಲೀಸ್ ಠಾಣೆಯ ವಿವರ ಪಡೆದು, ಸಂಶಯಕ್ಕೆ ಕಾರಣವಿರುವ ಪ್ರಕರಣಗಳನ್ನು ಮಾತ್ರ ಆಯಾ ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಿದರೆ, ತಪಾಸಣೆಗೆ ಅರ್ಥ ಬರುತ್ತದೆ. ವಿದೇಶಿಯೆಂದು ಖಚಿತವಾದವರ ಮೇಲೆ ಮೊಕದ್ದಮೆ ನಡೆದು, ಅವರ ದೇಶ ಅವರನ್ನು ತನ್ನವರೆಂದು ಒಪ್ಪುವವರೆಗೆ ಇರಿಸಲು ನೆಲಮಂಗಲ ತಾಲ್ಲೂಕಿನ ಸೊಂಡೆಕೊಪ್ಪದಲ್ಲಿ ಕೇಂದ್ರವಿದೆ.

ಆದರೆ ಚಿಕ್ಕಮಗಳೂರಿನಿಂದ ಬರ್ಪೇಟಾಕ್ಕೆ ಹೋದ ಪತ್ರಕ್ಕೆ ‘ಈ ವ್ಯಕ್ತಿ ಎನ್‌ಆರ್‌ಸಿ ಪಟ್ಟಿಯಲ್ಲಿಲ್ಲ’ ಎಂಬ ಉತ್ತರವೂ ಬರಬಹುದು. ಹೊರಗುಳಿದ 19 ಲಕ್ಷ ಜನರಿಗೆ ತಿರಸ್ಕಾರದ ಆದೇಶ ಕೈಗೆ ಸಿಕ್ಕಿದ ಮೇಲೆ ತಾನೇ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಲು ಸಾಧ್ಯ? ಪಟ್ಟಿ ಪ್ರಕಟವಾಗಿ ವರ್ಷಗಳು ಉರುಳಿದರೂ ಆ ಕೆಲಸ ನಿಂತಲ್ಲೇ ನಿಂತಿತು. ಕಾನೂನಿನಲ್ಲಿರುವ ಎಲ್ಲ ದಾರಿಗಳು ಮುಗಿಯುವವರೆಗೆ ಇವರ ಹಕ್ಕುಗಳು ಮೊದಲಿನಂತೆಯೇ ಇರುತ್ತವೆ ಎಂದು ವಿದೇಶಾಂಗ ಸಚಿವಾಲಯ 2019ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಆದ್ದರಿಂದ ಅಂಥ ಉತ್ತರ ಬಂದರೂ, ನ್ಯಾಯಮಂಡಳಿಯ ತೀರ್ಮಾನ ಹೊರಬೀಳುವವರೆಗೆ ಆ ಕಾರ್ಮಿಕನನ್ನು ತೋಟದಿಂದ ಹೊರಹಾಕಲಾಗಲಿ, ಕೂಲಿ ತಡೆಹಿಡಿಯಲಾಗಲಿ ಯಾರಿಗೂ ಅಧಿಕಾರ ಬರುವುದಿಲ್ಲ.